ಪ್ರಶ್ನೆ ನಿಮ್ಮದು: ಎಪಿಕೆ ಆಡ್ ಅಂದ್ರೂ ಬರುದಿಲ್ಲ ಯಾಕೆ?

ಕಳೆದ ಸಂಚಿಕೆಯಲ್ಲಿ ನಮ್ಮನೆ ಅಟ್ಟದಲ್ಲಿ ಧೂಳು ತಿಂತಾ ಇದ್ದ ನೆಟ್‌ಬುಕ್ಕಿಗೆ ಆಲ್ಪೈನ್ ಲಿನಕ್ಸ್ ಅನ್ನುವ ಸಣ್ಣ ಆಪರೇಟಿಂಗ್ ಸಿಸ್ಟಮ್ ಹಾಕಿದ ಕಥೆ ಬರ್ದಿದ್ದೆ. ಆಟಮ್ ಎನ್270 ಪ್ರೊಸೆಸರು, ಅಂದ್ರೆ 2008ರ ಕಾಲದ್ದು, ಬರೀ 32 ಬಿಟ್. ಬೇರೆ ಲಿನಕ್ಸುಗಳಲ್ಲಿ ಉಬುಂಟುವಿನವರು 2017ರಲ್ಲೇ 32 ಬಿಟ್ ಡೆಸ್ಕ್‌ಟಾಪ್ ಸೀಡಿ ನಿಲ್ಲಿಸಿದ್ರು, ಡೆಬಿಯನ್ನಿನವ್ರೂ 2025ರ ಆಗಸ್ಟಲ್ಲಿ ಬಂದ 13ನೇ ಆವೃತ್ತಿಯಲ್ಲಿ ಅದಕ್ಕೆ ಇನ್‌ಸ್ಟಾಲರ್ ಕೊಡ್ಲಿಲ್ಲ, ಆಲ್ಪೈನ್ ಮಾತ್ರ ಇನ್ನೂ ಕೊಡ್ತಾ ಉಂಟು, ಹಾಗಾಗಿ ಹಾಕಿದ್ದು. ಅದನ್ನ ಓದಿ ಕಾಸರಗೋಡು ಕಡೆಯ ಸುಮಾರು ಜನ ಅಟ್ಟ ಹತ್ತಿದ ಹಾಗೆ ಕಾಣ್ತದೆ, ಈ ಸಲ ಬಂದ ಪತ್ರದಲ್ಲಿ ಹೆಚ್ಚಿನವು ಅದ್ರದ್ದೇ. ಹಾಕಿದ್ದಾಯ್ತು, ಕಪ್ಪು ಸ್ಕ್ರೀನಲ್ಲಿ ಲಾಗಿನ್ ಅಂತ ಬಂತು, ಇನ್ನೆಂತ ಮಾಡುದು ಅಂತ.

ಒಂದು ಮಾತು ಮೊದ್ಲೇ ಹೇಳ್ತೇನೆ, ಕಮಾಂಡುಗಳನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೀತೇನೆ, ನೀವು ಒತ್ತುವಾಗ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಒತ್ತಿ. ಎಪಿಕೆ ಅಂದ್ರೆ ಮೂರೇ ಅಕ್ಷರ, ಆಲ್ಪೈನಲ್ಲಿ ಪ್ರೋಗ್ರಾಮುಗಳನ್ನ, ಅಂದ್ರೆ ಪ್ಯಾಕೇಜುಗಳನ್ನ, ತಂದು ಹಾಕುವ ಕಮಾಂಡು.

ಆಲ್ಪೈನ್ ಹಾಕಿದೆ. ಯೂಟ್ಯೂಬಲ್ಲಿ ನೋಡಿದ ಹಾಗೆ ಆಪ್ಟ್ ಇನ್‌ಸ್ಟಾಲ್ ಅಂತ ಒತ್ತಿದ್ರೆ ನಾಟ್ ಫೌಂಡ್ ಅಂತದೆ. ಎಪಿಕೆ ಆಡ್ ಎಂಪಿವಿ ಅಂತ ಹಾಕಿದ್ರೆ ನೋ ಸಚ್ ಪ್ಯಾಕೇಜ್ ಅಂತದೆ. ಅಜ್ಜನಿಗೆ ಹಳೇ ಯಕ್ಷಗಾನದ ರೆಕಾರ್ಡಿಂಗ್ ಹಾಕಿ ಕೊಡ್ಬೇಕಿತ್ತು. ಎಂಪಿವಿ ಪ್ಲೇಯರ್ ಆಲ್ಪೈನಲ್ಲಿ ಇಲ್ವಾ?
(ಬಿಎಸ್ಸಿ ವಿದ್ಯಾರ್ಥಿ, ನೀರ್ಚಾಲು)

ಉಂಟು, ಉಂಟು. ನೀವು ಕೇಳಿದ ಅಂಗಡಿಯ ಬಾಗಿಲು ತೆಗ್ದಿಲ್ಲ ಅಷ್ಟೇ.

ಆಪ್ಟ್ ಅಂದ್ರೆ ಡೆಬಿಯನ್, ಉಬುಂಟು ಮನೆಯವರದ್ದು. ಫೆಡೋರಾದಲ್ಲಿ ಡಿಎನ್ಎಫ್, ಆರ್ಚಲ್ಲಿ ಪ್ಯಾಕ್‌ಮ್ಯಾನ್, ವಾಯ್ಡ್ ಅಂತ ಒಂದುಂಟು ಅದ್ರಲ್ಲಿ ಎಕ್ಸ್‌ಬಿಪಿಎಸ್, ಆಲ್ಪೈನಲ್ಲಿ ಎಪಿಕೆ. ಎಲ್ಲಾ ಮಾಡುದು ಒಂದೇ ಕೆಲ್ಸ, ಕರೆಯುವ ರೀತಿ ಬೇರೆ, ಅಮ್ಮನ ತಮ್ಮನನ್ನೂ ಅಪ್ಪನ ಅಕ್ಕನ ಗಂಡನನ್ನೂ ನಾವು ಮಾವ ಅಂತೇವೆ, ಹಾಗಂತ ಒಬ್ಬ ಮಾವನ ಮನೆ ಬಾಗಿಲು ತಟ್ಟಿ ಇನ್ನೊಬ್ಬ ಮಾವನನ್ನ ಕರೆದ್ರೆ ಬರ್ತಾರಾ.

ಈಗ ನಿಮಗೆ ಬಂದ ಎರರನ್ನ ಸರೀ ಓದುವ, ಯಾಕಂದ್ರೆ ಅದ್ರಲ್ಲೇ ಉತ್ರ ಉಂಟು. ಮೊದಲ ಸಾಲು ಅನೇಬಲ್ ಟು ಸೆಲೆಕ್ಟ್ ಪ್ಯಾಕೇಜಸ್. ಅದರ ಕೆಳಗೆ ಎಂಪಿವಿ, ನೋ ಸಚ್ ಪ್ಯಾಕೇಜ್. ಅದಕ್ಕೂ ಕೆಳಗೆ ರಿಕ್ವಯರ್ಡ್ ಬೈ, ಮತ್ತೆ ವರ್ಲ್ಡ್ ಅಂತ ಬರ್ದು ಚೌಕದ ಬ್ರಾಕೆಟ್ಟಲ್ಲಿ ಎಂಪಿವಿ. ನೀವು ಪತ್ರದಲ್ಲಿ ಈ ಕೊನೇ ಸಾಲು ಬರೀಲಿಲ್ಲ, ಹೆಚ್ಚಿನವ್ರು ಅಲ್ಲಿವರೆಗೆ ಓದುದೂ ಇಲ್ಲ, ನನಗೆ ಎಪಿಕೆ ಅರ್ಥ ಆದದ್ದೇ ಆ ಒಂದು ಸಾಲಿಂದ. ಅದಕ್ಕೆ ಮತ್ತೆ ಬರ್ತೇನೆ, ಮೊದ್ಲು ನಿಮ್ಮ ಅಜ್ಜನ ಕೆಲ್ಸ.

ಈಟಿಸಿ ಫೋಲ್ಡರಲ್ಲಿ ಎಪಿಕೆ, ಅದರೊಳಗೆ ರೆಪೊಸಿಟರೀಸ್ ಅಂತ ಒಂದು ಫೈಲ್ ಉಂಟು. ಕ್ಯಾಟ್ ಕಮಾಂಡಲ್ಲಿ ತೆರೆದು ನೋಡಿ, ಪ್ಯಾಕೇಜು ಸಿಗುವ ಅಂಗಡಿಗಳ ಎರಡು ಮೂರು ವಿಳಾಸ ಕಾಣ್ತದೆ, ಒಂದರ ಕೊನೆಗೆ ಮೈನ್ ಅಂತ, ಇನ್ನೊಂದರ ಕೊನೆಗೆ ಕಮ್ಯುನಿಟಿ ಅಂತ, ಆದ್ರೆ ಕಮ್ಯುನಿಟಿ ಸಾಲಿನ ಮುಂದೆ ಒಂದು ಹ್ಯಾಶ್ ಚಿಹ್ನೆ ಇರ್ತದೆ. ಹ್ಯಾಶ್ ಇದ್ದ ಸಾಲನ್ನ ಎಪಿಕೆ ಓದುದೇ ಇಲ್ಲ. ಮೈನಲ್ಲಿ ಇರುದು ಆಲ್ಪೈನಿನ ಮೂಲ ತಂಡದವರು ನೋಡಿಕೊಳ್ಳುವ ಬುಡದ ಸಾಮಾನು, ಎಂಪಿವಿ, ವಿಎಲ್‌ಸಿ, ಡೆಸ್ಕ್‌ಟಾಪು ಇಂಥದ್ದೆಲ್ಲ ಕಮ್ಯುನಿಟಿಯಲ್ಲಿ. ಆ ಹ್ಯಾಶ್ ತೆಗೀರಿ. ವಿಐ ಎಡಿಟರಲ್ಲಿ ತೆರೆದ್ರೆ ಕರ್ಸರನ್ನ ಹ್ಯಾಶಿನ ಮೇಲೆ ತಂದು ಎಕ್ಸ್ ಒತ್ತಿ, ಆಮೇಲೆ ಕೋಲನ್, ಡಬ್ಲ್ಯೂ, ಕ್ಯೂ, ಎಂಟರ್, ಮುಗೀತು. ವಿಐಯಿಂದ ಹೊರಗೆ ಬರ್ಲಿಕ್ಕೆ ಗೊತ್ತಾಗದೆ ಕರೆಂಟ್ ತೆಗೆದವರಲ್ಲಿ ನಾನೂ ಒಬ್ಬ, ಹಾಗಾಗಿ ಹೆದರಿಕೆ ಆದ್ರೆ ಎಪಿಕೆ ಆಡ್ ನ್ಯಾನೋ ಅಂತ ಮೊದ್ಲು ಹಾಕ್ಕೊಳ್ಳಿ, ಅದು ಮೈನಲ್ಲೇ ಉಂಟು. ಮತ್ತೆ ಎಪಿಕೆ ಅಪ್‌ಡೇಟ್, ಅದು ಪಟ್ಟಿ ಮಾತ್ರ ಹೊಸತು ತರುದು, ಪ್ಯಾಕೇಜು ಬದಲಾಯಿಸುದಿಲ್ಲ, ಅದಕ್ಕೆ ಅಪ್‌ಗ್ರೇಡ್ ಬೇರೆ ಉಂಟು. ಆಮೇಲೆ ಎಪಿಕೆ ಆಡ್ ಎಂಪಿವಿ. ಇಷ್ಟೆಲ್ಲ ರೂಟ್, ಅಂದ್ರೆ ಪೂರ್ತಿ ಅಧಿಕಾರ ಇರುವ ಯೂಸರ್, ಆಗಿ ಮಾಡ್ಬೇಕು, ಆಲ್ಪೈನಲ್ಲಿ ಆ ಅಧಿಕಾರ ಕೊಡುವ ಸುಡೋ ತಾನಾಗಿ ಬರುದಿಲ್ಲ, ಅದರ ಬದ್ಲು ಡೂಆಸ್ ಅಂತ ಒಂದು ಸಣ್ಣದುಂಟು.

ಈಗ ಆ ವರ್ಲ್ಡ್ ವಿಷ್ಯ. ರೆಪೊಸಿಟರೀಸ್ ಇದ್ದ ಅದೇ ಫೋಲ್ಡರಲ್ಲಿ ವರ್ಲ್ಡ್ ಅಂತ ಇನ್ನೊಂದು ಫೈಲ್ ಉಂಟು, ತೆರೆದು ನೋಡಿ. ಎಂಪಿವಿ ಹಾಕುವಾಗ ಸ್ಕ್ರೀನಲ್ಲಿ ಒಂದು ರಾಶಿ ಪ್ಯಾಕೇಜು ಓಡಿತಲ್ಲ, ಅದೆಲ್ಲ ಇಲ್ಲಿ ಇಲ್ಲ, ನೀವು ಬಾಯಿಬಿಟ್ಟು ಕೇಳಿದ ಹೆಸರು ಮಾತ್ರ. ಜಂಬರದ ಅಡಿಗೆ ಭಟ್ರಿಗೆ ನಾವು ಹೇಳುದೆಂತ? ಹೋಳಿಗೆ ಆಗ್ಬೇಕು, ಕಡ್ಲೆಬೇಳೆ ಪಾಯಸ ಆಗ್ಬೇಕು ಅಂತ. ಕಡ್ಲೆಬೇಳೆ ಎಷ್ಟು, ಬೆಲ್ಲ ಎಷ್ಟು, ಮೈದಾ, ಏಲಕ್ಕಿ, ತೆಂಗಿನಕಾಯಿ, ಅದೆಲ್ಲ ಭಟ್ರೇ ಲೆಕ್ಕ ಹಾಕಿ ಚೀಟಿ ಬರೀತಾರೆ. ನಾಳೆ ಹೋಳಿಗೆ ಬೇಡ ಅಂತ ನೀವು ಹೇಳಿದ್ರೆ ಮೈದಾ ಚೀಟಿಯಿಂದ ಹೋಗ್ತದೆ, ಬೆಲ್ಲ ಹೋಗುದಿಲ್ಲ, ಯಾಕಂದ್ರೆ ಪಾಯಸಕ್ಕೆ ಬೇಕಲ್ಲ. ಎಪಿಕೆ ಡೆಲ್ ಎಂಪಿವಿ ಅಂದ್ರೆ ಹೀಗೇ, ಅದೊಂದಕ್ಕೇ ಅಂತ ಬಂದವೆಲ್ಲ ಒಟ್ಟಿಗೆ ಹೋಗ್ತವೆ, ಬೇರೆಯವರಿಗೂ ಬೇಕಾದ್ದು ಉಳೀತದೆ, ಆಪ್ಟಲ್ಲಿ ಇದಕ್ಕೆ ಆಟೋರಿಮೂವ್ ಅಂತ ಇನ್ನೊಂದ್ಸಲ ಹೇಳ್ಬೇಕು. ವರ್ಲ್ಡ್ ಫೈಲ್ ಅಂದ್ರೆ ಆ ಜಂಬರದ ಮೆನು ಅಂತ ಇಟ್ಕೊಳ್ಳಿ, ನಿಮ್ಮ ಮಿಷನಲ್ಲಿ ಇರುದೆಲ್ಲ ಅದ್ರಿಂದಲೇ ಹುಟ್ಟಿದ್ದು, ಆ ಒಂದು ಫೈಲ್ ಬೇರೆ ಕಂಪ್ಯೂಟರಿಗೆ ತಕೊಂಡೋಗಿ ಇಟ್ಟು ಎಪಿಕೆ ಫಿಕ್ಸ್ ಅಂದ್ರೆ ಅಲ್ಲಿಯೂ ಅದೇ ಸಾಮಾನು ಬಂದು ಕೂತ್ಕೊಳ್ತದೆ, ನಾನು ಮಾಡಿ ನೋಡಿದ್ದೇನೆ.

ಶಬ್ದ ಬರ್ಲಿಲ್ಲ ಅಂತ ಮುಂದಿನ ಪತ್ರ ಬರ್ತದೆ ಅಂತ ಗೊತ್ತು, ಆಲ್ಸಾ ಯುಟಿಲ್ಸ್ ಹಾಕಿ, ಅದರ ಮಿಕ್ಸರಲ್ಲಿ ಮ್ಯೂಟ್ ತೆಗೀರಿ, ನಿಮ್ಮ ಯೂಸರನ್ನ ಆಡಿಯೋ ಗ್ರೂಪಿಗೆ ಸೇರಿಸಿ. ಅಜ್ಜನಿಗೆ ಚೆಂಡೆ ಕೇಳ್ತದೆ.

ನನ್ನ ಫೋನಲ್ಲಿ ಇರುವ ಎಪಿಕೆ ಫೈಲನ್ನ ಆಲ್ಪೈನಲ್ಲಿ ಹಾಕ್ಲಿಕ್ಕೆ ಆಗ್ತದಾ? ಎರಡೂ ಎಪಿಕೆ ಅಲ್ವಾ?
(ಹೆಸರು ಬೇಡ, ಸೀತಂಗೋಳಿ)

ಇಲ್ಲ. ಹೆಸರು ಮಾತ್ರ ಒಂದೇ. ಆಂಡ್ರಾಯ್ಡಿನದ್ದು ಬೇರೆ ಜಾತಿ, ಆಲ್ಪೈನಿನದ್ದು ಬೇರೆ ಜಾತಿ, ಒಂದೂರಲ್ಲಿ ಎರಡು ಗಣೇಶ ಸ್ಟೋರ್ ಇದ್ದ ಹಾಗೆ. ಇದ್ರ ಮಧ್ಯೆ ಒಂದು ಮಾತು, ವಾಟ್ಸಾಪಲ್ಲಿ ಮದುವೆ ಕಾಗದ ಅಂತ, ಗಾಡಿಯ ಫೈನ್ ಅಂತ ಎಪಿಕೆ ಫೈಲ್ ಬರ್ತದಲ್ಲ, ಅದನ್ನ ಫೋನಲ್ಲಿಯೂ ಹಾಕ್ಬೇಡಿ, ಬ್ಯಾಂಕಿನ ದುಡ್ಡು ಹೋಗುದು ಅದ್ರಿಂದಲೇ.

ಶಾಲೆಯಲ್ಲಿ ಕೈಟಿನ (ಕೇರಳದ ಶಾಲೆಗಳ ಐಟಿ ಸಂಸ್ಥೆ) ಉಬುಂಟು ಬಳಸ್ತೇವೆ, ಆಪ್ಟ್ ಅಲ್ಪಸ್ವಲ್ಪ ಗೊತ್ತುಂಟು. ಮನೆಯಲ್ಲಿ ಡೆಬಿಯನ್ ನೆಟ್‌ಇನ್‌ಸ್ಟಾಲ್ ಹಾಕಿ ಎಲ್ಲ ಟಿಕ್ ತೆಗ್ದೆ, ಚಿಕ್ಕದಾಗಿ ಇರ್ಲಿ ಅಂತ. ಆದ್ರೆ ಒಂದು ಸಣ್ಣ ಪ್ರೋಗ್ರಾಂ ಕೇಳಿದ್ರೆ ಮೆರವಣಿಗೆ ಬಂದ ಹಾಗೆ ಏನೇನೋ ಬರ್ತದೆ. ತಡೆಯುದು ಹೇಗೆ? ಎಲ್ಲದಕ್ಕೂ ವೈ ಒತ್ತಿದ್ರೆ ತೊಂದ್ರೆ ಉಂಟಾ?
(ಅಧ್ಯಾಪಕರು, ಕುಂಬಳೆ)

ಮಾಷ್ಟ್ರೇ, ಡೆಬಿಯನ್ ಪ್ಯಾಕೇಜಿನ ಒಳಗೆ ಸಂಬಂಧ ಮುಖ್ಯವಾಗಿ ಮೂರು ತರ ಬರ್ದಿರ್ತಾರೆ. ಡಿಪೆಂಡ್ಸ್ ಅಂದ್ರೆ ಅದಿಲ್ಲದೆ ನಡಿಯುದೇ ಇಲ್ಲ. ರೆಕಮೆಂಡ್ಸ್ ಅಂದ್ರೆ ಹೆಚ್ಚಿನವ್ರಿಗೆ ಬೇಕಾಗ್ತದೆ. ಸಜೆಸ್ಟ್ಸ್ ಅಂದ್ರೆ ಇದ್ರೆ ಒಳ್ಳೇದು. ಆಪ್ಟ್ ತಾನಾಗಿ ಮೊದಲ ಎರಡನ್ನೂ ತರ್ತದೆ, ಮೆರವಣಿಗೆಯ ಹಿಂದೆ ಹಿಂದೆ ಬರುದು ಹೆಚ್ಚಾಗಿ ಆ ಎರಡನೇ ಗುಂಪು. ಇನ್‌ಸ್ಟಾಲ್ ಕಮಾಂಡಿನ ಜೊತೆ ನೋ ಇನ್‌ಸ್ಟಾಲ್ ರೆಕಮೆಂಡ್ಸ್ ಅಂತ ಸೇರ್ಸಿ, ಮುಂದೆ ಎರಡು ಅಡ್ಡಗೆರೆ, ಪದಗಳ ಮಧ್ಯೆ ಒಂದೊಂದು ಅಡ್ಡಗೆರೆ, ಖಾಲಿ ಜಾಗ ಬಿಡ್ಬಾರ್ದು. ಪಟ್ಟಿ ಅರ್ಧಕ್ಕರ್ಧ ಇಳಿದದ್ದೂ ನೋಡಿದ್ದೇನೆ. ಆದ್ರೆ ಕಣ್ಮುಚ್ಚಿ ಎಲ್ಲದಕ್ಕೂ ಹಾಕಿದ್ರೆ ನಾಳೆ ಇನ್ನೆಂತದೋ ನಡಿಯುದಿಲ್ಲ, ಕೆಳಗೆ ಬದಿಯಡ್ಕದವರ ಪತ್ರ ಓದಿ ಗೊತ್ತಾಗ್ತದೆ.

ವೈ ಒತ್ತುವ ವಿಷ್ಯಕ್ಕೆ ಬಂದ್ರೆ, ನನ್ನ ಪ್ರಕಾರ ಆಪ್ಟಲ್ಲಿ ಕಲೀಬೇಕಾದ್ದು ಅದೊಂದೇ. ವೈ ಕೇಳುವ ಮೊದ್ಲು ಅದು ಎಲ್ಲಾ ಹೇಳ್ತದೆ, ಯಾವುದು ಹೊಸತು ಬರ್ತದೆ, ಎಷ್ಟು ಎಂಬಿ ಡೌನ್‌ಲೋಡು, ಆಮೇಲೆ ಡಿಸ್ಕಲ್ಲಿ ಎಷ್ಟು ಜಾಗ, ಮತ್ತೆ ಮುಖ್ಯವಾಗಿ ದಿ ಫಾಲೋಯಿಂಗ್ ಪ್ಯಾಕೇಜಸ್ ವಿಲ್ ಬಿ ರಿಮೂವ್ಡ್ ಅಂತ, ಆ ಕೊನೇ ಪದ ದೊಡ್ಡ ಅಕ್ಷರದಲ್ಲಿ, ಡೆಬಿಯನ್ 13ರ ಆಪ್ಟಲ್ಲಾದ್ರೆ ಬರೀ ರಿಮೂವಿಂಗ್ ಅಂತ. ಆ ಸಾಲು ಕಂಡ್ರೆ ಕೈ ಕೀಬೋರ್ಡಿಂದ ತೆಗೀರಿ. 2021ರಲ್ಲಿ ಒಬ್ಬ ದೊಡ್ಡ ಯೂಟ್ಯೂಬರ್ ಪಾಪ್ ಓಎಸ್ಸಲ್ಲಿ ಗೇಮ್ ಆಡ್ಲಿಕ್ಕೆ ಸ್ಟೀಮ್ ಹಾಕ್ತಾ ಇದ್ರು, ಆಗ ಆ ಪ್ಯಾಕೇಜಲ್ಲಿ ಏನೋ ಎಡವಟ್ಟು ಇತ್ತು, ಆಪ್ಟ್ ಡೆಸ್ಕ್‌ಟಾಪನ್ನೇ ತೆಗೀಲಿಕ್ಕೆ ಹೊರಟಿತು, ಬರೀ ವೈ ಸಾಕಾಗುದಿಲ್ಲ, ಯೆಸ್ ಡೂ ಆಸ್ ಐ ಸೇ ಅಂತ ಪೂರ್ತಿ ವಾಕ್ಯ ಟೈಪ್ ಮಾಡಿ ಅಂತ ಕೇಳಿತು, ಅವರು ಅದನ್ನೂ ಟೈಪ್ ಮಾಡಿದ್ರು, ಡೆಸ್ಕ್‌ಟಾಪ್ ಮಾಯ. ಲೋಕ ಇಡೀ ನಕ್ಕಿತು, ಆದ್ರೆ ತಪ್ಪು ಪೂರ್ತಿ ಅವ್ರದ್ದು ಅಂತ ನನಗೆ ಅನ್ಸುದಿಲ್ಲ, ಎಚ್ಚರಿಕೆ ಸಾಲು ನೂರು ಸಾಲಿನ ಮಧ್ಯ ಇದ್ರೆ ಯಾರು ನೋಡ್ತಾರೆ. ಆಪ್ಟಿನವ್ರೂ ಆಮೇಲೆ ಅಷ್ಟು ಸುಲಭದಲ್ಲಿ ತೆಗೀಲಿಕ್ಕೆ ಆಗದ ಹಾಗೆ ಬದಲಾಯ್ಸಿದ್ರು.

ಎಪಿಕೆ ಬಳಸುವವರಿಗೆ ಇಲ್ಲೊಂದು ಎಚ್ಚರ, ಅದು ವೈ ಕೇಳ್ಲಿಕ್ಕೇ ಹೋಗುದಿಲ್ಲ, ಆಡ್ ಅಂದ್ರೆ ಆಡ್, ಡೆಲ್ ಅಂದ್ರೆ ಡೆಲ್. ಮೊದ್ಲು ನೋಡ್ಬೇಕು ಅಂತಾದ್ರೆ ಅಡ್ಡಗೆರೆ ಎಸ್ ಸೇರ್ಸಿ, ಎಂತ ಮಾಡ್ತೇನೆ ಅಂತ ಬರೀ ಬಾಯಲ್ಲಿ ಹೇಳಿ ಸುಮ್ಮನಾಗ್ತದೆ. ಆಪ್ಟ್ ಗೆಟ್ಟಲ್ಲೂ ಅದೇ ಎಸ್ ನಡೀತದೆ.

ಅಡಿಕೆ ಅಂಗಡಿಯ ಲೆಕ್ಕ ಬರಿಲಿಕ್ಕೆ ಡೆಬಿಯನ್ ಮಿನಿಮಲ್ ಹಾಕಿದ ಹಳೇ ಕಂಪ್ಯೂಟರು. ಮಳೆ ಶುರುವಾದ ಮೇಲೆ ಅಪ್‌ಡೇಟ್ ಆಗುದಿಲ್ಲ. ರಿಲೀಸ್ ಫೈಲ್ ಈಸ್ ನಾಟ್ ವ್ಯಾಲಿಡ್ ಯೆಟ್ ಅಂತ ಬರ್ತದೆ. ನೆಟ್ ಸರಿ ಉಂಟು. ಸರ್ವರ್ ಹಾಳಾಗಿದಾ?
(ಓದುಗರು, ಬದಿಯಡ್ಕ)

ಅಣ್ಣಾ, ಡೇಟ್ ಅಂತ ಒತ್ತಿ ಎಂಟರ್ ಕೊಡಿ. ನಾನು ಇಲ್ಲಿಂದಲೇ ಹೇಳ್ತೇನೆ, ತಾರೀಕು ಹಿಂದೆ ಹೋಗಿರ್ತದೆ.

ನಾಟ್ ವ್ಯಾಲಿಡ್ ಯೆಟ್ ಅಂದ್ರೆ ಇದು ಇನ್ನೂ ಚಾಲ್ತಿಗೆ ಬಂದಿಲ್ಲ ಅಂತ. ರೆಪೊಸಿಟರಿಯ ಪಟ್ಟಿಗೆ ತಾರೀಕು ಹಾಕಿ ಸಹಿ ಮಾಡಿರ್ತಾರೆ, ನಿಮ್ಮ ಕಂಪ್ಯೂಟರಿನ ಲೆಕ್ಕದಲ್ಲಿ ಆ ತಾರೀಕು ಇನ್ನೂ ಬರ್ಲೇ ಇಲ್ಲ, ಹಾಗಾಗಿ ನಂಬುದಿಲ್ಲ. ಅದು ನ್ಯಾಯವೇ, ಮುಂದಿನ ವರ್ಷದ ತಾರೀಕು ಹಾಕಿದ ಚೆಕ್ಕನ್ನ ನೀವು ತಕೊಳ್ತೀರಾ? ಮದರ್‌ಬೋರ್ಡಲ್ಲಿ ನಾಣ್ಯದ ಹಾಗೆ ಒಂದು ಬ್ಯಾಟ್ರಿ ಉಂಟಲ್ಲ, ಸಿಆರ್2032, ಅದು ಸತ್ತಿದೆ. ಪ್ಲಗ್ಗಲ್ಲಿ ಕರೆಂಟ್ ಇರುವಷ್ಟು ದಿನ ಗೊತ್ತಾಗುದಿಲ್ಲ, ನಮ್ಮ ಊರಲ್ಲಿ ಆಟಿ ತಿಂಗ್ಳಲ್ಲಿ ತಂತಿ ಮೇಲೆ ಮರ ಬಿದ್ದು ಕರೆಂಟ್ ಹೋದ್ರೆ ಬರುದು ಮರುದಿನ, ಅಷ್ಟ್ರಲ್ಲಿ ಗಡಿಯಾರ ಮರ್ತು ಹೋಗ್ತದೆ.

ನನಗೂ ಇದೇ ಆದದ್ದು, ಆಲ್ಪೈನಲ್ಲಿ. ಅಲ್ಲಿ ಬಂದ ಎರರು ಇನ್ನೂ ಚಂದ, ಪರ್ಮಿಷನ್ ಡಿನೈಡ್ ಅಂತ. ನಾನು ರೂಟ್ ಆಗಿದ್ದೇನಲ್ಲ ಯಾರಪ್ಪಾ ಡಿನೈ ಮಾಡುದು ಅಂತ ತಲೆ ಕೆಡ್ಸಿಕೊಂಡು, ಫೈಲಿನ ಪರ್ಮಿಷನ್ ನೋಡಿದೆ, ಮಿರರ್ ಬದಲಾಯ್ಸಿದೆ, ಫೋನಿನ ಹಾಟ್‌ಸ್ಪಾಟಿಗೆ ಹೋದೆ, ಸಂಜೆ ಚಾ ಆರಿತು, ರಾತ್ರಿ ಊಟವೂ ಆಯ್ತು, ಮತ್ತೆ ಸುಮ್ನೆ ಒಂದು ಫೈಲಿನ ತಾರೀಕು ನೋಡ್ವಾಗ 2009 ಜನವರಿ 1 ಅಂತ ಕಂಡಿತು. ಎಚ್‌ಟಿಟಿಪಿಎಸ್ ವಿಳಾಸದ ಸರ್ಟಿಫಿಕೇಟು 2009ರಲ್ಲಿ ಹುಟ್ಟಿಯೇ ಇರ್ಲಿಲ್ಲವಲ್ಲ, ಆದ ಕಾರಣ ಬಾಗಿಲು ಹಾಕಿತು. ಟೆಂಪರರಿ ಎರರ್, ಟ್ರೈ ಅಗೇನ್ ಲೇಟರ್ ಅಂತ ಬಂದ್ರೆ ಅದು ಬೇರೆ ಕಥೆ, ಆಗ ಹೆಚ್ಚಾಗಿ ಡಿಎನ್ಎಸ್, ಅಂದ್ರೆ ವೆಬ್ ಹೆಸರಿಂದ ವಿಳಾಸ ಹುಡುಕಿ ಕೊಡುವ ಸರ್ವರ್, ಸಿಕ್ಕಿರುದಿಲ್ಲ, ಈಟಿಸಿಯಲ್ಲಿ ರಿಸಾಲ್ವ್ ಡಾಟ್ ಕಾನ್ಫ್ ಅನ್ನುವ ಫೈಲ್ ಖಾಲಿ ಉಂಟಾ ನೋಡಿ.

ನಿಮ್ಮ ಮಿಷನಿಗೆ ಮೊದ್ಲು ಕೈಯಲ್ಲೇ ತಾರೀಕು ಸರಿ ಮಾಡಿ, ಡೇಟ್, ಅಡ್ಡಗೆರೆ ಎಸ್, ಆಮೇಲೆ ಕೋಟ್ ಮಾರ್ಕಿನ ಒಳಗೆ ವರ್ಷ, ತಿಂಗಳು, ದಿನ, ಗಂಟೆ. ಅದನ್ನ ಬೋರ್ಡಿಗೆ ಬರೀಲಿಕ್ಕೆ ಎಚ್‌ಡಬ್ಲ್ಯೂಕ್ಲಾಕ್, ಅಡ್ಡಗೆರೆ ಡಬ್ಲ್ಯೂ. ಈಗ ಆಪ್ಟ್ ಅಪ್‌ಡೇಟ್ ಆಗ್ತದೆ. ಆದ ಕೂಡ್ಲೆ ಸಿಸ್ಟಮ್‌ಡಿ ಟೈಮ್‌ಸಿಂಕ್‌ಡಿ ಅನ್ನುವ ಪ್ಯಾಕೇಜ್ ಉಂಟಾ ನೋಡಿ, ಡೆಬಿಯನಲ್ಲಿ ಅದು ಬೇರೆಯೇ ಪ್ಯಾಕೇಜು, ರೆಕಮೆಂಡ್ಸ್ ಗುಂಪಿನದ್ದು, ನೀವು ಮಿನಿಮಲ್ ಮಿನಿಮಲ್ ಅಂತ ಕತ್ತರಿಸುವಾಗ ಅದೂ ಹೋಗಿರ್ಲಿಕ್ಕೆ ಸಾಕು. ಮಾಷ್ಟ್ರಿಗೆ ಮೇಲೆ ಹೇಳಿದ್ದು ಇದನ್ನೇ. ಅದಿದ್ರೆ ನೆಟ್ ಸಿಕ್ಕಿದ ಕೂಡ್ಲೆ ಗಡಿಯಾರ ತಾನೇ ಸರಿ ಆಗ್ತದೆ. ಆದ್ರೂ ಬ್ಯಾಟ್ರಿ ಬದಲಾಯ್ಸಿ, ವಾಚ್ ರಿಪೇರಿಯವರ ಹತ್ರವೂ ಸಿಗ್ತದೆ.

ಪೆನ್‌ಡ್ರೈವಿಂದ ಆಲ್ಪೈನ್ ಓಡಿಸ್ತೇನೆ. ಏನು ಹಾಕಿದ್ರೂ ರೀಸ್ಟಾರ್ಟ್ ಮಾಡಿದ್ರೆ ಮಾಯ. ಮೂರು ಸಲ ಹಾಕಿ ಸಾಕಾಯ್ತು.
(ಓದುಗರು, ಅಡೂರು)

ಅದು ಡಿಸ್ಕ್‌ಲೆಸ್ ಮೋಡ್. ಶುರುವಾಗುವಾಗ ಎಲ್ಲವನ್ನ ರ್‍ಯಾಮಿಗೆ ತುಂಬಿಸಿಕೊಳ್ತದೆ, ಪೆನ್‌ಡ್ರೈವಿಗೆ ತಾನಾಗಿ ಒಂದಕ್ಷರ ಬರೀಲಿಕ್ಕೆ ಹೋಗುದಿಲ್ಲ, ಸ್ಲೇಟಲ್ಲಿ ಬರ್ದ ಹಾಗೆ. ಹಾಳಾದದ್ದಲ್ಲ, ಹಾಗೆಯೇ ಮಾಡಿದ್ದು, ಕರೆಂಟ್ ಹೋಗುವ ಊರಿಗೆ ಇದು ಒಳ್ಳೇದೇ ಅಂತ ನನ್ನ ಅಭಿಪ್ರಾಯ, ಡಿಸ್ಕ್ ಕೆಡುವ ಹೆದರಿಕೆಯಿಲ್ಲ.

ಉಳಿಸ್ಬೇಕಾದ್ರೆ ಎಲ್‌ಬಿಯು ಕಮಿಟ್ ಅಂತ ಒಂದುಂಟು. ಅದು ಈಟಿಸಿ ಫೋಲ್ಡರಲ್ಲಿ ನೀವು ಬದಲಾಯ್ಸಿದ್ದನ್ನ ಒಂದು ಗಂಟು ಕಟ್ಟಿ ಪೆನ್‌ಡ್ರೈವಲ್ಲಿ ಇಡ್ತದೆ. ವರ್ಲ್ಡ್ ಫೈಲ್ ಇರುದೂ ಈಟಿಸಿಯಲ್ಲೇ ಅಲ್ವಾ, ಮುಂದಿನ ಸಲ ಶುರುವಾಗುವಾಗ ಆ ಮೆನು ನೋಡಿ ಎಲ್ಲ ಮತ್ತೆ ಹಾಕ್ಕೊಳ್ತದೆ. ಆದ್ರೆ ಆ ಹೊತ್ತಿಗೆ ನೆಟ್ ಇರುದಿಲ್ಲ, ಪ್ಯಾಕೇಜು ಕೈಗೆ ಸಿಗ್ಬೇಕಾದ್ರೆ ಸೆಟಪ್ ಎಪಿಕೆಕ್ಯಾಶ್ ಓಡ್ಸಿ ಪೆನ್‌ಡ್ರೈವಲ್ಲೇ ಒಂದು ಕ್ಯಾಶ್ ಫೋಲ್ಡರ್ ತೋರ್ಸಿ, ಇದು ಕಮಿಟಿನ ಮೊದ್ಲು ಆಗ್ಬೇಕು. ಹೋಮ್ ಫೋಲ್ಡರಲ್ಲಿ ಇಟ್ಟ ನಿಮ್ಮ ಸ್ವಂತ ಫೈಲುಗಳು ಗಂಟಲ್ಲಿ ಬರುದಿಲ್ಲ, ಎಲ್‌ಬಿಯು ಇನ್‌ಕ್ಲೂಡ್ ಅಂತ ಹೇಳಿ ಸೇರಿಸ್ಬೇಕು, ಫೋಟೋ ಎಲ್ಲ ಇದ್ರೆ ಅದಕ್ಕೆ ಹೋಗ್ಲೇಬೇಡಿ, ಇನ್ನೊಂದು ಪೆನ್‌ಡ್ರೈವಲ್ಲಿ ಇಡಿ.

ಡಿಟಿಪಿ ಅಂಗಡಿ ನಂದು. ಪ್ರಿಂಟರ್ ಕಂಪೆನಿಯ ಲಿನಕ್ಸ್ ಡ್ರೈವರ್ ಇಳಿಸಿದೆ. ಆಲ್ಪೈನಲ್ಲಿ ಓಡಿಸಿದ್ರೆ ನಾಟ್ ಫೌಂಡ್. ಎಲ್‌ಎಸ್ ಹಾಕಿದ್ರೆ ಫೈಲ್ ಅಲ್ಲೇ ಉಂಟು! ಎಂತ ಭೂತಚೇಷ್ಟೆ ಮಾರಾಯ್ರೆ ಇದು?
(ಓದುಗರು, ಉಪ್ಪಳ)

ಭೂತ ಅಲ್ಲ, ಮಸಲ್. ಬೇರೆ ಹೆಚ್ಚಿನ ಲಿನಕ್ಸಲ್ಲಿ ತಳದಲ್ಲಿ ಜಿಲಿಬ್‌ಸಿ ಅನ್ನುವ ಸಿ ಲೈಬ್ರರಿ ಉಂಟು, ಪ್ರೋಗ್ರಾಮುಗಳೆಲ್ಲ ನಿಲ್ಲುದು ಅದ್ರ ಮೇಲೆ, ಆಲ್ಪೈನಲ್ಲಿ 2014ರ 3.0 ಆವೃತ್ತಿಯಿಂದ ಮಸಲ್ ಅನ್ನುವ ಚಿಕ್ಕ ಲೈಬ್ರರಿ. ಕಂಪೆನಿಯವ್ರು ಕೊಟ್ಟ ಡ್ರೈವರ್ ಜಿಲಿಬ್‌ಸಿಗೆ ಅಂತ ಕಟ್ಟಿದ್ದು, ಅದನ್ನ ಓಡಿಸ್ಲಿಕ್ಕೆ ಒಂದು ಲೋಡರ್ ಬೇಕು, ಆ ಲೋಡರಿನ ದಾರಿ ಫೈಲಿನ ಒಳಗೇ ಬರ್ದಿರ್ತದೆ, ಆಲ್ಪೈನಲ್ಲಿ ಆ ದಾರಿಯಲ್ಲಿ ಏನೂ ಇಲ್ಲ. ಹಾಗಾಗಿ ನಾಟ್ ಫೌಂಡ್ ಅಂದದ್ದು ನಿಮ್ಮ ಫೈಲಿಗಲ್ಲ, ಲೋಡರಿಗೆ. ಮೆಸೇಜಲ್ಲಿ ಅದನ್ನ ಹೇಳಿದ್ರೆ ಎಷ್ಟು ಜನರ ತಲೆನೋವು ತಪ್ಪುತ್ತಿತ್ತೋ.

ಜಿಕಂಪ್ಯಾಟ್ ಅಂತ ಒಂದು ಪ್ಯಾಕೇಜ್ ಉಂಟು, ಜಿಲಿಬ್‌ಸಿಯ ವೇಷ ಹಾಕಿ ನಿಲ್ಲುವಂಥದ್ದು. ಸಣ್ಣಪುಟ್ಟ ಪ್ರೋಗ್ರಾಮಿಗೆ ಆಗ್ತದೆ, ಪ್ರಿಂಟರ್ ಡ್ರೈವರಿಗೆ ಆಗ್ತದೆ ಅಂತ ನಾನು ಧೈರ್ಯ ಕೊಡುದಿಲ್ಲ. ಪ್ರಿಂಟರ್ ಹೊಸತಾದ್ರೆ, ನೆಟ್‌ವರ್ಕಲ್ಲಿ ಐಪಿಪಿ ಎವ್ರಿವೇರ್ ಅಥವಾ ಏರ್‌ಪ್ರಿಂಟ್ ಬರ್ತದೆ ಅಂತಿದ್ರೆ ಡ್ರೈವರೇ ಬೇಡ, ಕಪ್ಸ್ ಅನ್ನುವ ಪ್ರಿಂಟಿಂಗ್ ಪ್ಯಾಕೇಜ್ ಹಾಕಿದ್ರೆ ಸಾಕು. ಹಳೇದಾದ್ರೆ, ಬೇಜಾರ್ ಮಾಡ್ಬೇಡಿ, ಅಂಗಡಿ ನಡಿಬೇಕಾದ ಮಿಷನಿಗೆ ಆಲ್ಪೈನ್ ಬೇಡ, ಡೆಬಿಯನ್ ಹಾಕಿ. ಗಿರಾಕಿ ಮದುವೆ ಕಾಗದಕ್ಕೆ ಕಾಯ್ತಾ ಕೂತಿರುವಾಗ ಮಸಲಿನ ಕಥೆ ಹೇಳ್ಲಿಕ್ಕೆ ಆಗ್ತದಾ?

ಕನ್ನಡ ಎಲ್ಲ ಚೌಕ ಚೌಕ ಕಾಣ್ತದೆ. ಪಂಚಾಯತಿನ ಮಲಯಾಳದ ಕಾಗದವೂ ಹಾಗೇ.
(ಅಕ್ಷಯ ಕೇಂದ್ರದಲ್ಲಿ ಕೆಲ್ಸ ಮಾಡುವವರು, ಮಂಜೇಶ್ವರ)

ಮಿನಿಮಲ್ ಅಂದ್ರೆ ಫಾಂಟೂ ಇಲ್ಲ ಅಂತ ಅರ್ಥ. ಆಲ್ಪೈನಾದ್ರೆ ಫಾಂಟ್, ನೋಟೋ, ಕನ್ನಡ, ಮಧ್ಯದಲ್ಲಿ ಅಡ್ಡಗೆರೆ, ಇದೇ ಪ್ಯಾಕೇಜಿನ ಹೆಸರು, ಮಲಯಾಳಕ್ಕೂ ಹಾಗೆಯೇ ಕೊನೆಯ ಪದ ಬದಲಾಯ್ಸಿ. ಹೆಸರು ನೆನಪಿಲ್ಲದಿದ್ರೆ ಎಪಿಕೆ ಸರ್ಚ್ ಕನ್ನಡ ಅಂತ ಹುಡುಕಿ. ಡೆಬಿಯನಲ್ಲಿ ಫಾಂಟ್ಸ್, ಅಡ್ಡಗೆರೆ, ಕೆಎನ್‌ಡಿಎ ಅಂತ ಕೇಳಿದ್ರೆ ಗುಬ್ಬಿ, ನವಿಲು, ಲೋಹಿತ್ ಎಲ್ಲ ಒಟ್ಟಿಗೆ ಬರ್ತದೆ, ಮಲಯಾಳಕ್ಕೆ ಫಾಂಟ್ಸ್ ಎಸ್‌ಎಂಸಿ. ನನಗೆ ಗುಬ್ಬಿಯಲ್ಲಿ ಒತ್ತಕ್ಷರ ಓದ್ಲಿಕ್ಕೆ ಹಿತ. ಬ್ರೌಸರ್ ಮುಚ್ಚಿ ತೆರೀರಿ, ಆಗದಿದ್ರೆ ಎಫ್‌ಸಿ ಕ್ಯಾಶ್ ಓಡ್ಸಿ.

ಆದ್ರೆ ಡೆಸ್ಕ್‌ಟಾಪ್ ಇಲ್ಲದ ಬರೀ ಕಪ್ಪು ಕನ್ಸೋಲಲ್ಲಿ ಕನ್ನಡ ನೋಡ್ಬೇಕು ಅಂತಾದ್ರೆ ಆಗುದಿಲ್ಲ, ಯಾವ ಫಾಂಟ್ ಹಾಕಿದ್ರೂ ಅಷ್ಟೆ. ಅಲ್ಲಿ ಒಟ್ಟು 512 ಆಕೃತಿಗಷ್ಟೇ ಜಾಗ, ಪ್ರತಿ ಅಕ್ಷರ ಅದರದ್ದೇ ಚೌಕದಲ್ಲಿ ಕೂರ್ಬೇಕು, ನಮ್ಮ ಸ್ತ್ರೀ ನೋಡಿ, ಸಕಾರದ ಕೆಳಗೆ ತ, ಅದರ ಬದಿಗೆ ರ, ಮೇಲೆ ಗುಡಿಸು, ಮತ್ತೆ ದೀರ್ಘ, ಇಷ್ಟನ್ನು ಜೋಡಿಸುವ ಕೆಲ್ಸ ಆ ಕನ್ಸೋಲಿಗೆ ಗೊತ್ತಿಲ್ಲ.

ತೋಟದ ಮನೆಯಲ್ಲಿ ನೆಟ್ ಇಲ್ಲ, ಫೋನಲ್ಲೂ ರೇಂಜ್ ಸಿಗುದು ಗುಡ್ಡೆ ಹತ್ತಿದ್ರೆ ಮಾತ್ರ. ಪೇಟೆಯಲ್ಲಿ ಡೌನ್‌ಲೋಡ್ ಮಾಡಿ ತಕೊಂಡು ಬರ್ಲಿಕ್ಕೆ ಆಗ್ತದಾ?
(ಓದುಗರು, ಮುಳ್ಳೇರಿಯ)

ಆಗ್ತದೆ. ಪೇಟೆಯಲ್ಲಿ ಯಾರದ್ದಾದ್ರೂ ಆಲ್ಪೈನ್ ಮಿಷನ್ ಸಿಕ್ಕಿದ್ರೆ ಎಪಿಕೆ ಫೆಚ್, ಜೊತೆಗೆ ರಿಕರ್ಸಿವ್ ಅಂತ ಹಾಕಿ, ಔಟ್‌ಪುಟ್ ಅಂತ ಪೆನ್‌ಡ್ರೈವಿನ ಫೋಲ್ಡರ್ ತೋರ್ಸಿ, ಬೇಕಾದ ಪ್ಯಾಕೇಜಿನ ಹೆಸರು ಬರೀರಿ. ರಿಕರ್ಸಿವ್ ಮರ್ತ್ರೆ ಹೋಳಿಗೆ ಮಾತ್ರ ಬರ್ತದೆ, ಬೆಲ್ಲ ಬರುದಿಲ್ಲ, ಮನೆಗೆ ಬಂದು ಮತ್ತೆ ಪೇಟೆಗೆ ಹೋಗ್ಬೇಕು. ಎರಡೂ ಮಿಷನ್ ಒಂದೇ ಆವೃತ್ತಿ, ಒಂದೇ ಬಿಟ್ ಆಗಿರ್ಬೇಕು, 3.22ರದ್ದನ್ನ 3.19ಕ್ಕೆ, 64ರದ್ದನ್ನ 32ಕ್ಕೆ ತುರುಕ್ಲಿಕ್ಕೆ ಹೋಗ್ಬೇಡಿ.

ಮನೆಯಲ್ಲಿ ಎಪಿಕೆ ಆಡ್ ಅಂತ ಬರ್ದು ಆ ಫೈಲುಗಳನ್ನೆಲ್ಲ ಒಟ್ಟಿಗೆ ತೋರ್ಸಿ, ನೋ ನೆಟ್‌ವರ್ಕ್ ಅಂತ ಸೇರ್ಸಿ, ಸುಮ್ನೆ ನೆಟ್ಟಿಗೆ ಹೋಗಿ ಕಾಯುದು ತಪ್ತದೆ. ಅಲೌ ಅನ್‌ಟ್ರಸ್ಟೆಡ್ ಹಾಕು ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ, ಆಲ್ಪೈನಿನ ಪ್ಯಾಕೇಜಿಗೆ ಸಹಿ ಇರ್ತದೆ, ಅದನ್ನ ನೋಡುವ ಕೀ ನಿಮ್ಮ ಮಿಷನಲ್ಲೇ ಉಂಟು, ಅದಿಲ್ಲದೆಯೂ ಹಾಕ್ತದೆ ಅಂತಾದ್ರೆ ಆ ಫೈಲ್ ಎಲ್ಲಿಂದ ಬಂತು ಅಂತ ಕೇಳುವವರೇ ಇಲ್ಲದ ಹಾಗಾಯ್ತಲ್ಲ.

ಒಂದು ಸಣ್ಣ ಕೊಕ್ಕೆ ಉಂಟು. ಹೀಗೆ ಫೈಲ್ ತೋರ್ಸಿ ಹಾಕಿದ್ರೆ ವರ್ಲ್ಡಲ್ಲಿ ಹೆಸರಿನ ಹಿಂದೆ ಎರಡು ಕೋನದ ಚಿಹ್ನೆ ಮತ್ತೆ ಕ್ಯೂ1 ಅಂತ ಶುರುವಾಗುವ ಉದ್ದದ ಬಾಲ ಸೇರ್ತದೆ, ಇದೇ ಫೈಲು ಬೇಕು ಬೇರೆ ಬೇಡ ಅಂತ ಹಠ ಹಿಡಿದ ಹಾಗೆ. ಮುಂದೆ ಯಾವತ್ತಾದ್ರೂ ನೆಟ್ ಬಂದು ಅಪ್‌ಗ್ರೇಡ್ ಮಾಡಿದ್ರೂ ಆ ಪ್ಯಾಕೇಜು ಅಲ್ಲಾಡುದಿಲ್ಲ. ರಿಕರ್ಸಿವಲ್ಲಿ ಬಂದ ಬೆಲ್ಲ ಏಲಕ್ಕಿಯೂ ಮೆನುವಿನಲ್ಲಿ ಸೇರಿಕೊಂಡಿರ್ತದೆ, ಡೆಲ್ ಮಾಡಿದ್ರೂ ಹೋಗುದಿಲ್ಲ. ವರ್ಲ್ಡ್ ಫೈಲನ್ನ ನ್ಯಾನೋದಲ್ಲಿ ತೆರೆದು ನೀವು ನಿಜವಾಗಿ ಕೇಳಿದ ಹೆಸರು ಮಾತ್ರ ಇಟ್ಟು, ಬಾಲ ಕತ್ತರಿಸಿ, ಉಳಿದ ಸಾಲು ಅಳಿಸಿ ಬಿಡಿ. ಅದರಲ್ಲಿ ಆಲ್ಪೈನ್ ಬೇಸ್ ಅಂತ ಒಂದು ಸಾಲು ಉಂಟು, ಅದನ್ನ ಮಾತ್ರ ಮುಟ್ಬೇಡಿ.